ವಾರಸುದಾರರಿಲ್ಲದ ಕಳೆ

ಕಡಲ ನಡುವಿನ ದ್ವೀಪದಲ್ಲಿ ಹಲ್ಲಾ ಬೆಟ್ಟದ ಮಗ್ಗುಲಿನ ಆ ಹುಲ್ಲುಗಾವಲಿಗೆ ಕಳೆ ಎಲ್ಲಿಂದ ಬರುತ್ತದೆ ಎಂಬುದು ಊರಿನ ಪ್ರತಿಯೊಬ್ಬರಿಗೂ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಯಾರೂ ಆ ಕಡೆ ತಿರುಗಿ ನೋಡುತ್ತಿರಲಿಲ್ಲ. ಗಾವಲಿನ ನಟ್ಟನಡುವೆ ಕರಿಕಲ್ಲಿನ ಒಂದು ಗಿಡ್ಡ ಗೋಡೆ, ಗೋಡೆಯೊಳಗೆ ಒಂದು ಹಳೆಯ ಸಮಾಧಿ, ಸಮಾಧಿಯ ದಿಬ್ಬದ ತುಂಬ ನಾಯಿಹೂವು.

ನಾಯಿಹೂವು ನೋಡಲು ಚೆಂದದ ಹಳದಿ ಹೂವು, ಗುಣದಲ್ಲಿ ಶುದ್ಧ ರೌಡಿ. ಎಲೆಗಳನ್ನು ನೆಲಕ್ಕೆ ಅಂಟಿಸಿಕೊಂಡು ಮಲಗಿಬಿಡುತ್ತದೆ. ಹಸುವಿನ ನಾಲಿಗೆಗೆ ಸಿಗುವುದಿಲ್ಲ, ತನ್ನಡಿಯಲ್ಲಿ ಒಂದು ಗರಿಕೆಯನ್ನೂ ಏಳಗೊಡುವುದಿಲ್ಲ. ಕೊಯ್ದರೆ ಮತ್ತೆ ಚಿಗುರುತ್ತದೆ. ಕಿತ್ತರೆ ಬೇರಿನ ತುಂಡು ಒಳಗೇ ಉಳಿದು ಅಲ್ಲಿಂದಲೇ ತಲೆ ಎತ್ತುತ್ತದೆ. ಚಳಿ ಮುಗಿಯುವಾಗ ಊರವರು ಗಾವಲಿಗೆ ಬೆಂಕಿ ಹಾಕುತ್ತಾರೆ, ಆದರೆ ಬೆಂಕಿ ಗೋರಿಯ ಗೋಡೆಯ ತನಕ ಬಂದು ಮರ್ಯಾದೆಯಿಂದ ನಿಂತುಬಿಡುತ್ತದೆ. ಗೋಡೆ ಕಟ್ಟುವುದೇ ಅದಕ್ಕಲ್ಲವೇ? ಹಾಗಾಗಿ ಒಳಗಿನ ನಾಯಿಹೂವು ಪ್ರತಿ ವರ್ಷವೂ ಕ್ಷೇಮ. ಬೇಸಿಗೆಯಲ್ಲಿ ಒಂದು ಗಾಳಿ ಬೀಸಿತೆಂದರೆ ಅದರ ಬೀಜ ಹತ್ತಿಯ ಹಾಗೆ ಹಾರಿ ಇಡೀ ಗಾವಲನ್ನು ಮುಚ್ಚಿಬಿಡುತ್ತಿತ್ತು.

ಈ ಕಳೆಯೊಡನೆ ವರ್ಷಗಟ್ಟಲೆ ಗುದ್ದಾಡಿದವನು ತಕ್ ಸಂಬೊಕ್. ಕಡಲಾಚೆಯ ದೊಡ್ಡ ನೆಲದಿಂದ ಕುದುರೆ ಸಾಕುವ ಕೆಲಸಕ್ಕೆಂದು ದ್ವೀಪಕ್ಕೆ ಬಂದವನು ಹೆಂಡತಿ ದಲ್ಲೆಯೊಡನೆ ಇಲ್ಲೇ ಉಳಿದುಬಿಟ್ಟಿದ್ದ. ಏಳು ಹಸು ಮಾಡಿಕೊಂಡಿದ್ದ. ಗಾವಲು ಊರೊಟ್ಟಿನ ಆಸ್ತಿ. ಸಂಬೊಕ್‌ನ ಹಸುಗಳು ಅಲ್ಲಿ ಮೇಯುತ್ತಿದ್ದದ್ದು ಊರವರ ದಾಕ್ಷಿಣ್ಯದಿಂದ. ಆ ದಾಕ್ಷಿಣ್ಯದ ಋಣ ತೀರಿಸಲೋ ಎಂಬಂತೆ ಅವನು ಮೊಣಕಾಲೂರಿ, ಕೈಗುದ್ದಲಿ ಹಿಡಿದು, ಗೋಡೆಯ ಹೊರಗಿನ ಕಳೆಯನ್ನೆಲ್ಲ ಒಬ್ಬನೇ ಕೀಳುತ್ತಿದ್ದ.

ಆ ವರ್ಷ ಹೊಸವರ್ಷದ ಸಭೆಯಲ್ಲಿ ಗಾವಲು ಸಂಘದ ಅಧ್ಯಕ್ಷ ಬು ಗ್ಯೊಂಗ್‌ಚೊಲ್ ಗಂಟಲು ಸರಿಮಾಡಿಕೊಂಡ.

"ಹುಲ್ಲು ನಮ್ಮ ದನಗಳಿಗೇ ಸಾಲ್ತಿಲ್ಲ. ಹೊರಗಿನವರ ದನ ಇನ್ಮೇಲೆ ಗಾವಲಿಗೆ ಬೇಡ."

ಹೊರಗಿನವರು ಎಂದರೆ ಊರಿಗೆಲ್ಲ ಸಂಬೊಕ್ ಒಬ್ಬನೇ. ಬೇರೆ ಕಡೆ ಅಂಗೈಯಗಲ ಹುಲ್ಲೂ ಅವನಿಗಿರಲಿಲ್ಲ. ಗಾವಲು ಹೋದರೆ ಹಸು ಹೋದವು, ಹಸು ಹೋದರೆ ಈ ವಯಸ್ಸಿನಲ್ಲಿ ಮತ್ತೆ ಬಟ್ಟೆ ಗಂಟು ಕಟ್ಟಿ ಹಡಗು ಹತ್ತಬೇಕು.

"ಹುಲ್ಲು ಕಮ್ಮಿ ಆಗಿರೋದು ನನ್ನ ಹಸುಗಳಿಂದ ಅಲ್ಲ, ಅಧ್ಯಕ್ಷರೇ. ಆ ಗೋರಿ ಕಳೆಯಿಂದ. ಅದನ್ನ ಬೇರುಸಹಿತ ತೆಗೆದ್ರೆ ಎಲ್ಲರಿಗೂ ಸಾಕಾಗೋಷ್ಟು ಹುಲ್ಲಾಗುತ್ತೆ," ಎಂದ.

ಗೋರಿಯ ಮಾತು ಎತ್ತಬಾರದಿತ್ತು. ಯಾರು ಗೋರಿಯ ಹುಲ್ಲಿಗೆ ಕೈ ಹಾಕುತ್ತಾರೋ ಅವರೇ ಅದರ ಮಕ್ಕಳು. ಅದು ಆ ಊರಿನ ಕಟ್ಟುಕಟ್ಟಳೆ. ಒಮ್ಮೆ ಕೈ ಹಾಕಿದರೆ ಮುಗಿಯಿತು, ವರ್ಷ ವರ್ಷವೂ ಹುಲ್ಲು ಕೊಯ್ಯಬೇಕು, ವರ್ಷ ವರ್ಷವೂ ಎಡೆ ಇಡಬೇಕು. ಸ್ವಂತ ಅಜ್ಜ-ಮುತ್ತಜ್ಜಂದಿರ ಎಡೆಗೇ ಬೆನ್ನು ಬಾಗಿಹೋದ ಜನ, ಹೆಸರಿಲ್ಲದ ಇನ್ನೊಬ್ಬನನ್ನು ಯಾಕೆ ಕೊರಳಿಗೆ ಕಟ್ಟಿಕೊಂಡಾರು?

"ಅದು ನಮ್ಮದಲ್ಲಪ್ಪ," ಎಂದು ಊರಿಗೆಲ್ಲ ಹಿರಿಯನಾದ ಜ್ವಾ ಅಜ್ಜ ಮೊದಲು ಕೈ ತೊಳೆದುಕೊಂಡ. "ನಮ್ಮ ಮೂಲಪುರುಷ ಈ ಊರಿಗೆ ಬಂದಾಗ್ಲೇ ಆ ಗೋರಿ ಅಲ್ಲಿತ್ತಂತೆ."

"ನಿಮ್ಮವರಿಗಿಂತ ಮುಂಚೆ ಬಂದೋರು ನಾವು," ಎಂದ ಅಧ್ಯಕ್ಷ ಬು. "ಆಗ್ಲೇ ಅದು ಹಳೇ ಗೋರಿ. ನಮ್ಮ ಹಿರೀಕ ಬಂದ ದಿನ ಕುದುರೆ ಕಟ್ಟಿದ್ದೇ ಅದರ ಗೋಡೆ ಕಲ್ಲಿಗೆ."

ಯಾಂಗ್ ಸಮ್‌ಚುನ್ ಸುಮ್ಮನಿರುವ ಹೆಂಗಸಲ್ಲ. ಆ ದ್ವೀಪದಲ್ಲಿ ವಯಸ್ಸಾದ ಗಂಡಸಾದರೂ ಹೆಂಗಸಾದರೂ ಎಲ್ಲರಿಗೂ ಸಮ್‌ಚುನ್. ಈಕೆಯನ್ನು ಮಾತ್ರ ಜನ ಹಾಗೆ ಕರೆಯುವಾಗ ಒಂದು ಹೆಜ್ಜೆ ಹಿಂದೆ ನಿಂತಿರುತ್ತಿದ್ದರು.

"ನಿಮ್ಮಿಬ್ಬರಿಗಿಂತ ಮುಂಚೆ ಬಂದಿದ್ದು ಯಾಂಗ್ ಮನೆತನ. ಕುದುರೆ ಅಂತೆ, ಕಲ್ಲಂತೆ! ನಮ್ಮೋರು ಬಂದಾಗ ಆ ಗೋಡೆ ಅರ್ಧ ಕುಸಿದುಹೋಗಿತ್ತು. ಕಲ್ಲು ಎತ್ತಿಟ್ಟಿದ್ದೇ ನಮ್ಮೋರು. ಹಂಗಾಗಿ ನಮ್ಮದಂತೂ ಅಲ್ವೇ ಅಲ್ಲ."

ಹೀಗೆ ಮೂವರೂ ಸೇರಿ ಸತ್ತವನನ್ನು ಹಿಂದಕ್ಕೆ, ಇನ್ನೂ ಹಿಂದಕ್ಕೆ ತಳ್ಳಿದರು. ಸಭೆ ಮುಗಿಯುವ ಹೊತ್ತಿಗೆ ಆ ಗೋರಿ ಬೆಟ್ಟದಷ್ಟೇ ಹಳೆಯದಾಗಿತ್ತು. ಸಂಬೊಕ್ ಒಂದೊಂದು ಮಾತನ್ನೂ ಬಾಯಿ ತೆರೆದುಕೊಂಡು ಕೇಳಿದ.

ಕೊನೆಗೆ ಉಪಾಯ ಹೇಳಿದವನು ಜ್ವಾ ಅಜ್ಜ. ಚಳಿಗಾಲದ ಕೊನೆಯಲ್ಲಿ ಒಂದು ವಾರ ದ್ವೀಪದ ದೇವರುಗಳೆಲ್ಲ ವರ್ಗಾವಣೆಯಾಗಿ ಮೇಲಕ್ಕೆ ಹೋಗುತ್ತಾರೆ. ಹೊಸಬರು ಬಂದು ಚಾರ್ಜು ತೆಗೆದುಕೊಳ್ಳುವ ತನಕ ಕೆಳಗೆ ಹೇಳುವವರಿಲ್ಲ, ಕೇಳುವವರಿಲ್ಲ. ಮನೆ ಬದಲಿಸುವವರು, ಗೋಡೆ ಒಡೆಯುವವರು, ಮರ ಕಡಿಯುವವರು ಎಲ್ಲರೂ ಆ ವಾರಕ್ಕೇ ಕಾದಿರುತ್ತಾರೆ.

"ಆ ವಾರ ಕಳೆ ಕಿತ್ತುಬಿಡೋಣ. ಯಾರು ಕಿತ್ತರು ಅಂತ ಬರ್ಕೊಳ್ಳೋಕೆ ಒಬ್ಬ ದೇವರೂ ಇರಲ್ಲ," ಎಂದ ಅಜ್ಜ.

"ದೇವರು ಇರಲ್ಲ, ಸರಿ. ಗೋರಿಯೊಳಗಿರೋನು ಎಲ್ಲಿಗೂ ಹೋಗಿರಲ್ವಲ್ಲ?" ಎಂದಳು ಯಾಂಗ್ ಸಮ್‌ಚುನ್. "ಮನೇಲೇ ಮಲಗಿರ್ತಾನೆ. ಯಾರಪ್ಪಾ ಅದು ಅಂತ ಕೇಳಿದ್ರೆ?"

ಎಲ್ಲರ ಕಣ್ಣೂ ಮೆಲ್ಲಗೆ ಸಂಬೊಕ್‌ನ ಕಡೆ ತಿರುಗಿದವು.

"ಈ ದ್ವೀಪದಲ್ಲಿ ನಿಂದು ಅಂತ ಒಂದು ಗೋರಿನೂ ಇಲ್ಲ ನೋಡು," ಎಂದ ಬು, ಸಕ್ಕರೆಯಂಥ ದನಿಯಲ್ಲಿ. "ನಿನ್ನ ಕೈ ಖಾಲಿ ಇದೆ. ಇದೊಂದು ಕೆಲಸ ಮಾಡ್ಬಿಡು, ನಿನ್ನ ಹಸು ವಿಚಾರ ಆಮೇಲೆ ನೋಡೋಣ."

ಮನೆಗೆ ಬಂದು ಹೇಳಿದಾಗ ದಲ್ಲೆ ಸೌಟು ಹಿಡಿದುಕೊಂಡೇ ಸೊಂಟದ ಮೇಲೆ ಕೈಯಿಟ್ಟಳು.

"ಈ ವಯಸ್ಸಲ್ಲಿ ನನಗೆ ಮಾವನ್ನ ತರ್ತೀರಾ? ಒಬ್ಬನೇನಾ, ಅತ್ತೆನೂ ಜೊತೇಲಿದಾಳಾ? ಅದನ್ನಾದ್ರೂ ಕೇಳಿದ್ರಾ?"

"ದಿಬ್ಬ ಒಂದೇ ಇದೆ ಕಣೇ."

"ಸದ್ಯ," ಎಂದಳು ದಲ್ಲೆ. ಸ್ವಲ್ಪ ಹೊತ್ತು ಸಾರು ತಿರುಗಿಸಿ, "ಮಾವ ಆದ್ರೂ ಪರ್ವಾಗಿಲ್ಲ, ಅದು ಬೇಕು ಇದು ಬೇಕು ಅನ್ನೋ ಪೈಕಿ ಅಲ್ಲ. ಹಸುಗಳು ಹೋದ್ರೆ ನಾವೇನು ಮಾಡೋಣ? ಹೋಗಿ, ಕಿತ್ತು ಬನ್ನಿ," ಎಂದಳು.

ದೇವರುಗಳು ಮೇಲಕ್ಕೆ ಹೊರಟ ಮರುದಿನ ಸಂಬೊಕ್ ಗೋಡೆ ಹತ್ತಿ ಒಳಗಿಳಿದ. ನೋಡಲು ಇಡೀ ಊರು ಬಂದಿತ್ತು. ಗೋಡೆಯ ಹೊರಗೆ ಸಾಲಾಗಿ ನಿಂತ ಜನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು. ನಾಳೆ ಯಾರಾದರೂ ನಿನ್ನ ಕೈಯೂ ತಾಗಿತ್ತು ಎಂದುಬಿಟ್ಟರೆ? ಕೈ ಕಟ್ಟಿದ್ದರೂ ಬಾಯಿ ಕಟ್ಟಿರಲಿಲ್ಲ.

"ಬುಡದಿಂದ ಎತ್ತಯ್ಯ, ಬೇರು ಮುರೀತು ನೋಡು!"

"ಎಡಕ್ಕೊಂದಿದೆ. ಇನ್ನೂ ಎಡಕ್ಕೆ. ಅಲ್ಲ ಮಾರಾಯ, ನಿನ್ನ ಎಡಕ್ಕೆ!"

ಗಾಳಿ ಕಿವಿ ಕೊಯ್ಯುತ್ತಿತ್ತು. ಸಂಬೊಕ್ ಗುದ್ದಲಿಯ ಮೊನೆಯನ್ನು ಬೇರಿನ ಪಕ್ಕಕ್ಕೇ ಇಳಿಸಿ, ಮಣ್ಣು ಸಡಿಲಿಸಿ, ಮೂಲಂಗಿಯಂಥ ಬೇರನ್ನು ಇಡಿಯಾಗಿ ಎಳೆದು ಚೀಲಕ್ಕೆ ಹಾಕುತ್ತಿದ್ದ. ಒಂದು ಹಂತದಲ್ಲಿ ಯಾಂಗ್ ಸಮ್‌ಚುನ್‌ಗೆ ತಡೆಯಲಾಗಲಿಲ್ಲ. ಗೋಡೆಯ ಮೇಲಿಂದ ಬಾಗಿ, ಅವನು ಬಿಟ್ಟುಹೋದ ಒಂದು ಗಿಡಕ್ಕೆ ಕೈ ಚಾಚಿದಳು. "ಸಮ್‌ಚುನ್!" ಎಂದು ಊರಿಗೆ ಊರೇ ಕಿರುಚಿತು. ಆಕೆ ಬಿಸಿ ಹಂಚು ಮುಟ್ಟಿದವಳಂತೆ ಕೈ ಹಿಂದೆಗೆದು, ಎರಡು ಸಲ ಮೇಲಂಗಿಗೆ ಒರೆಸಿಕೊಂಡಳು.

ವಾರ ಮುಗಿಯುವ ಮೊದಲು ದಿಬ್ಬ ಬೋಳಾಯಿತು. ದಲ್ಲೆ ಅನ್ನ, ಒಣಮೀನು, ಕಿತ್ತಳೆ, ಮೂಲಂಗಿ ಪಲ್ಯ ಸುತ್ತಿದ ದೋಸೆ ತಂದು ಎಡೆಯಿಟ್ಟಳು. ಸಂಬೊಕ್ ಸೋಜು ಸಾರಾಯಿ ಸುರಿದು ಎರಡು ಸಲ ಅಡ್ಡಬಿದ್ದ. ಊರವರು ಸಾಲಾಗಿ ನಿಂತು ಚಪ್ಪಾಳೆ ತಟ್ಟಿದರು. ಗೋರಿಗೆ ಮಗ ಸಿಕ್ಕ, ಇವರ ಪೀಡೆ ತೊಲಗಿತು.

ದನಗಳನ್ನು ಗಾವಲಿಗೆ ಬಿಡುವ ಕಾಲಕ್ಕೆ ಮತ್ತೆ ಸಭೆ ಸೇರಿತು. ಬು ಗ್ಯೊಂಗ್‌ಚೊಲ್ ನಾಚಿಕೆಯಿಲ್ಲದೆ ಹಳೆಯ ಮಾತನ್ನೇ ತೆಗೆದ. "ತಕ್ ಒಳ್ಳೇ ಕೆಲಸ ಮಾಡಿದ, ಇಲ್ಲ ಅನ್ನಲ್ಲ. ಆದ್ರೆ ನಿಯಮ ನಿಯಮವೇ. ಗಾವಲು ಈ ಊರಿನ ಹಿರೀಕರ ಸಂತತಿಗೆ ಮಾತ್ರ."

ಸಂಬೊಕ್ ಎದ್ದು ನಿಂತ.

"ನಾನೂ ಸಂತತಿಯೇ ಅಲ್ವಾ?"

"ಯಾರ ಸಂತತಿ?"

"ಗೋರಿ ಅಜ್ಜನ ಸಂತತಿ. ನೀವೇ ಚಪ್ಪಾಳೆ ತಟ್ಟಿ ಕೊಟ್ರಲ್ಲ?"

ಯಾರೋ ಕಿಸಕ್ಕೆಂದರು. ಸಂಬೊಕ್ ನಿಲ್ಲಿಸಲಿಲ್ಲ. "ಜ್ವಾ ಅಜ್ಜ, ನಿಮ್ಮೋರು ಬಂದಾಗ ನಮ್ಮಜ್ಜ ಆಗ್ಲೇ ಮಣ್ಣಲ್ಲಿದ್ರು. ಅಧ್ಯಕ್ಷರೇ, ನಿಮ್ಮ ಹಿರೀಕರು ಕುದುರೆ ಕಟ್ಟಿದ್ದು ನಮ್ಮಜ್ಜನ ಗೋಡೆಗೆ. ಕೇಳಿ ಕಟ್ಟಿದ್ರೋ ಕೇಳ್ದೇ ಕಟ್ಟಿದ್ರೋ ನನಗೆ ಗೊತ್ತಿಲ್ಲ. ಸಮ್‌ಚುನ್, ಗೋಡೆ ರಿಪೇರಿ ಮಾಡಿಕೊಟ್ಟಿದ್ದಕ್ಕೆ ನಿಮ್ಮ ಮನೆತನಕ್ಕೆ ನಾವು ಋಣಿ. ಅಂದ್ಮೇಲೆ ಈ ಊರಲ್ಲಿ ಎಲ್ಲರಿಗಿಂತ ಹಳೇ ಮನೆ ಯಾವುದು?"

ಆಗ ಎದ್ದ ಗದ್ದಲಕ್ಕೆ ಹೊರಗೆ ಕಟ್ಟಿದ್ದ ಕುದುರೆಗಳು ಬೆಚ್ಚಿದವು.

"ತಕ್ ಅನ್ನೋ ಮನೆತನವೇ ಈ ದ್ವೀಪದಲ್ಲಿ ಇರ್ಲಿಲ್ಲ!" ಎಂದು ಬು ಅರಚಿದ.

"ನೀವು ಬರೋಕೆ ಮುಂಚಿನ ವಿಷಯ ನಿಮಗೆ ಹೇಗೆ ಗೊತ್ತು?" ಎಂದ ಸಂಬೊಕ್.

ಒಡನೆಯೇ ಬು ಗ್ಯೊಂಗ್‌ಚೊಲ್‌ಗೆ ಕುದುರೆ ಕಟ್ಟಿದ ಕಲ್ಲು ಬೇರೆಯದು ಎಂದು ನೆನಪಾಯಿತು. ಆ ಗೋರಿ ತಮ್ಮವರದೇ ಇರಬೇಕು ಎಂದೂ ನೆನಪಾಯಿತು. ಯಾಂಗ್ ಸಮ್‌ಚುನ್ ಬಿಟ್ಟಾಳೆಯೇ? ತಮ್ಮವರದಲ್ಲದಿದ್ದರೆ ಕಲ್ಲು ಯಾಕೆ ಎತ್ತಿಡುತ್ತಿದ್ದರು ಎಂದು ಕೇಳಿದಳು. ಚಳಿಗಾಲದಲ್ಲಿ ಯಾರಿಗೂ ಬೇಡವಾಗಿದ್ದ ಹೆಣಕ್ಕೆ ಈಗ ಎರಡು ಕಡೆಯಿಂದ ಎಳೆದಾಟ. ಎಲ್ಲರೂ ಜ್ವಾ ಅಜ್ಜನ ಮುಖ ನೋಡಿದರು.

ಅಜ್ಜನಿಗೂ ಆಸೆಯಿತ್ತು, ಮುಖದಲ್ಲೇ ಕಾಣುತ್ತಿತ್ತು. ಆದರೆ ಅವನದು ಮುಂದಿನದನ್ನು ನೋಡುವ ತಲೆ. "ಹುಲ್ಲು ಕಿತ್ತೋನೇ ಮಗ," ಎಂದ, ಹಲ್ಲು ಕಚ್ಚಿಕೊಂಡು. "ಇದನ್ನ ಬಿಟ್ಟುಕೊಟ್ರೆ ನಾಳೆ ನಮ್ಮ ಗೋರಿಗಳನ್ನೂ ಯಾರ್ಯಾರೋ ತಮ್ಮದು ಅಂತಾರೆ. ಮನೆ ಅವನದು ಹಳೇದು. ದರಿದ್ರ, ಮೇಲಿನ ಚಾಪೆ ಬಿಟ್ಟುಕೊಡಿ ಅವನಿಗೆ."

ಬು ಗ್ಯೊಂಗ್‌ಚೊಲ್ ಸಭೆಯ ಗೌರವದ ಆ ಚಾಪೆಯಿಂದ ಎದ್ದ ರೀತಿಯನ್ನು ಊರು ಇನ್ನೂ ಆಡಿಕೊಳ್ಳುತ್ತದೆ. ಏಳು ಹಸುಗಳೂ ಗಾವಲಿಗೆ ಹೋದವು.

ಎಂಟನೆಯ ತಿಂಗಳು ಗೋರಿಗಳ ಹುಲ್ಲು ಕೊಯ್ಯುವ ದಿನ ಕೆಳಗಿನ ಇಳಿಜಾರಿನ ತುಂಬ ಯಂತ್ರಗಳ ಸದ್ದು. ಸಂಬೊಕ್ ಮತ್ತು ದಲ್ಲೆ ಕುಡುಗೋಲಿನಿಂದಲೇ ಕೊಯ್ದರು. ಗೋಡೆಯೊಳಗೆ ಆ ವರ್ಷ ಒಂದೇ ಒಂದು ಹಳದಿ ಹೂವು ಇರಲಿಲ್ಲ. ತಮ್ಮ ತಮ್ಮ ಕೆಲಸ ಮುಗಿಸಿದ ಮೂವರು ಹಿರಿಯರು ಬಂದು, ಊರಿನ ಮೊದಲ ಪುರುಷನಿಗೆ ಮೂತಿ ಉದ್ದ ಮಾಡಿಕೊಂಡು ಅಡ್ಡಬಿದ್ದರು. ಬು ಅಂತೂ ಸಂಬೊಕ್‌ನನ್ನು "ದೊಡ್ಡ ಮನೆಯವರೇ" ಎಂದು ಕರೆಯಬೇಕಾಯಿತು. ಮೂವರೂ ಗೋಡೆ ದಾಟಿ ಇಳಿಜಾರಿನಲ್ಲಿ ಹೊರಟರು.

ದಲ್ಲೆ ದಿಬ್ಬದ ಪಕ್ಕ ಕುಳಿತು ಬೆವರೊರೆಸಿಕೊಂಡಳು. ಸುತ್ತ ಎಲ್ಲೂ ಇನ್ನೊಂದು ಗೋರಿಯಿರಲಿಲ್ಲ.

"ರೀ, ನನಗನ್ಸುತ್ತೆ. ಇಷ್ಟು ವರ್ಷ ಈ ಊರಲ್ಲಿ ಒಬ್ಬರೂ ಇವರನ್ನ ನಮ್ಮೋರು ಅನ್ಲಿಲ್ಲ. ಊರೋರ ಗೋರಿಗಳೆಲ್ಲ ಕೆಳಗಿವೆ, ಇವರೊಬ್ಬರೇ ಇಲ್ಲಿ. ಇವರೂ ನಮ್ಮ ಹಾಗೆ ಹೊರಗಿಂದ ಬಂದೋರೇ ಇರ್ಬೇಕು ಕಣ್ರೀ."

ಸಂಬೊಕ್ ದಿಬ್ಬದ ಮೇಲೆ ಅಂಗೈಯಿಟ್ಟು, ಇಳಿಜಾರಿನಲ್ಲಿ ಹೋಗುತ್ತಿದ್ದ ಮೂವರ ಬೆನ್ನನ್ನು ನೋಡಿದ.

"ಮೆಲ್ಲಗೆ ಮಾತಾಡೇ," ಎಂದ. "ಅವರಿಗೆ ಗೊತ್ತಾದ್ರೆ ಇವರನ್ನೂ ಎಬ್ಬಿಸಿ ಕಳಿಸಿಬಿಡ್ತಾರೆ."