ಲಕ್ಕವ್ವ ನೀರು ಹಾಕಿದ ಮಲ್ಲಿಗೆ

ನಮ್ಮವ್ವನ ಹೆಸರು ಹುಚ್ಚವ್ವ. ಹೆಸರಿಗೆ ಹುಚ್ಚವ್ವನಾದರೂ ಅರ್ಧ ತಿಕೋಟಾ ಊರಿಗೆ ಬುದ್ಧಿ ಹೇಳುತ್ತಿದ್ದವಳು ಅವಳೇ. ಮನೆಯ ಹಿಂದಿನ ಹಿತ್ತಲಿನಲ್ಲಿ ಹತ್ತು ಮಲ್ಲಿಗೆ ಬುಡ, ಬಾವಿಯ ಪಕ್ಕದಲ್ಲಿ ಕಣಗಿಲೆ, ಗೋಡೆಗುಂಟ ಅಬ್ಬಲಿಗೆ ಬೆಳೆಸಿದ್ದಳು. ನಸುಕಿನಲ್ಲಿ ಬಿಡಿಸಿದ ಹೂವು ಮನೆಮಂದಿಯ ಲಿಂಗಪೂಜೆಗೆ, ಸಂಜೆಯ ಮೊಗ್ಗು ಓಣಿಯ ಹೆಣ್ಣುಮಕ್ಕಳ ತಲೆಗೆ. ಮೂಸಿ ನೋಡಿದ ಹೂವನ್ನು ಬುಟ್ಟಿಗೆ ಹಾಕಿದರೆ ಬೆನ್ನಿಗೆ ಗುದ್ದು ಬೀಳುತ್ತಿತ್ತು.

ನಾವು ಲಿಂಗ ಕಟ್ಟಿಕೊಂಡವರು. ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಎಂದು ಸ್ವಾಮಿಗಳು ಹೇಳಿದ್ದರಿಂದ ನಮ್ಮ ಮನೆಯಲ್ಲಿ ಮುಟ್ಟಾದ ಹೆಣ್ಣು ಹೊರಗೆ ಕೂಡುತ್ತಿರಲಿಲ್ಲ. ಅಡುಗೆ ಮಾಡುತ್ತಿದ್ದಳು, ಪೂಜೆಯನ್ನೂ ಮಾಡುತ್ತಿದ್ದಳು. ಆದರೆ ಅವ್ವನ ಹೂಗಿಡಗಳ ಹತ್ತಿರ ಮಾತ್ರ ಸುಳಿಯುವಂತಿರಲಿಲ್ಲ. ಮುಟ್ಟಾದವಳ ಕೈ ತಾಗಿದರೆ ಮೊಗ್ಗು ಉದುರಿ ಮಲ್ಲಿಗೆ ಬುಡಸಮೇತ ಒಣಗುತ್ತದೆ ಎಂದು ಅವ್ವ ನಂಬಿದ್ದಳು. ಸ್ವಾಮಿಗಳ ಮಾತು ಪಡಸಾಲೆಯವರೆಗೆ ನಡೆಯುತ್ತಿತ್ತು, ಹಿತ್ತಲಿನಲ್ಲಿ ಅವ್ವನದೇ ಕಾಯಿದೆ. ಹೀಗಾಗಿ ಮನೆಯ ಹೆಣ್ಣಿನ ಗುಟ್ಟು ತಿಳಿಯಲು ಅವಳು ಈ ಹೊತ್ತು ಹಿತ್ತಲಿಗೆ ಹೋದಳೋ ಇಲ್ಲವೋ ಎಂದು ನೋಡಿದರೆ ಸಾಕಾಗಿತ್ತು.

ಲಕ್ಕವ್ವ ನನ್ನ ತಮ್ಮ ಶಿವಯೋಗೆಪ್ಪನ ಹೆಂಡತಿ, ಬಬಲೇಶ್ವರದ ಹುಡುಗಿ. ನಾನು ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಬಿದ್ದವಳು, ಅವ್ವ ಹಾಕಿದ ಅನ್ನ ಉಣ್ಣುತ್ತಿದ್ದವಳು. ಲಕ್ಕವ್ವ ಮದುವೆಯಾಗಿ ಏಳು ವರ್ಷವಾದರೂ ತಿಂಗಳಿಗೆ ನಾಲ್ಕು ದಿನ ಹಿತ್ತಲು ಬಿಡುವುದು ತಪ್ಪಿರಲಿಲ್ಲ. ಯುದ್ಧದ ಕಾಲ ಅದು, ಸಕ್ಕರೆಗೂ ಸೀಮೆಎಣ್ಣೆಗೂ ಚೀಟಿ. ಆ ವರ್ಷ ಸಂಕ್ರಮಣದ ಮುಂದೆ ಅವ್ವ ಚಕ್ಕಡಿ ಹೂಡಿಸಿಕೊಂಡು ಕಳ್ಳಕವಟಗಿಗೆ ಹೋಗಿ ನನ್ನ ತಮ್ಮನಿಗೆ ಇನ್ನೊಂದು ಹೆಣ್ಣು ನೋಡಿ ಬಂದಳು. ಬಂದವಳೇ ಸೊಸೆಯ ಎದುರಿಗೇ ಹೇಳಿದಳು.

"ಶ್ರಾವಣದ ತನಕಾ ನೋಡ್ತೀನಿ ಲಕ್ಕವ್ವಾ. ಆಮ್ಯಾಲ ನನ್ನ ಬೈಬ್ಯಾಡ."

ಲಕ್ಕವ್ವ ತಲೆ ಆಡಿಸಿದಳು. ನನ್ನ ತಮ್ಮ ಅವ್ವನ ಮುಂದೆ ಬಾಯಿ ತೆರೆಯುತ್ತಿದ್ದುದು ಊಟಕ್ಕೆ ಮಾತ್ರ, ಅವತ್ತೂ ಉಂಡು ಎದ್ದುಹೋದ.

ಹೋಳಿ ಹುಣ್ಣಿಮೆಯ ನಂತರ ಲಕ್ಕವ್ವ ಹಿತ್ತಲು ಬಿಡಲಿಲ್ಲ. ಒಂದು ತಿಂಗಳಾಯಿತು, ಎರಡಾಯಿತು. ಮೂರನೆಯ ತಿಂಗಳು ಅವ್ವ ಬೆರಳು ಮಡಚಿ ಲೆಕ್ಕ ಹಾಕಿ, ಸೊಸೆಯ ತಟ್ಟೆಗೆ ತಾನೇ ತುಪ್ಪ ಬಡಿಸಿದಳು. ಕಳ್ಳಕವಟಗಿಯ ಮಾತು ನಿಂತಿತು. ಲಕ್ಕವ್ವ ಹಾಡು ಗುನುಗುತ್ತ ಮಲ್ಲಿಗೆಯ ಮಡಿಯ ಮಣ್ಣು ಸಡಿಲಿಸುತ್ತಿದ್ದುದನ್ನು ನಾನು ಕಂಡಿದ್ದೇನೆ. ಏಳು ವರ್ಷದಲ್ಲಿ ಅವಳು ಹಾಡಿದ್ದು ಅದೇ ಮೊದಲು.

ಆಮೇಲೆ ಒಂದು ನಸುಕಿನಲ್ಲಿ ನಾನು ಹೂ ಬಿಡಿಸಲು ಹೋದಾಗ ಬಾವಿಯ ಕಟ್ಟೆಯ ಮರೆಯಲ್ಲಿ ಅವಳು ಕುಕ್ಕರುಗಾಲಲ್ಲಿ ಕುಳಿತು ಬಟ್ಟೆ ಹಿಂಡುತ್ತಿದ್ದಳು. ನೀರು ಕೆಂಪಗೆ ಹರಿದು ಕಣಗಿಲೆಯ ಬುಡಕ್ಕೆ ಹೋಗುತ್ತಿತ್ತು. ಕೇಳುವುದು ಬೇಕಾಗಿರಲಿಲ್ಲ.

"ನಿನ್ನೆ ಸಂಜೀನ್ಯಾಗ ಹೋತ್ರಿ ಅಕ್ಕಾರ," ಎಂದಳು. "ಅತ್ತಿಯವರಿಗೆ ಹೇಳಬ್ಯಾಡ್ರಿ. ಮುಂದಿನ ತಿಂಗಳ ಮತ್ತ ನಿಂತರ ಯಾರಿಗಿ ಗೊತ್ತಾಗತೈತಿ? ತಿಂಗಳ ಲೆಕ್ಕಾ ತಪ್ಪಿತ್ತು ಅಂತಾರ, ಅಷ್ಟ."

"ಹೇಳೂದಿಲ್ಲ ಬಿಡು. ಆದ್ರ ಹಿತ್ತಲಕ್ಕ ಬರೂದು ಬಿಡಬೇಕಲ್ಲ ನೀ," ಎಂದೆ.

"ಬಿಟ್ರ ತಿಳೀತಲ್ರಿ ಅವರಿಗೆ."

ಅವಳು ಎದ್ದು ಕೊಡ ತುಂಬಿಕೊಂಡು ಮಲ್ಲಿಗೆಯ ಮಡಿಗೆ ನಡೆದಳು. ಅವ್ವ ಹಿಂದಿನ ಬಾಗಿಲಲ್ಲಿ ಹಲ್ಲುಜ್ಜುತ್ತ ನಿಂತಿದ್ದಳು. ಅವ್ವನ ಕಣ್ಣಿಗೆ ಬೀಳಲೆಂದೇ ಲಕ್ಕವ್ವ ಒಂದೊಂದು ಬುಡಕ್ಕೂ ನಿಧಾನವಾಗಿ ನೀರು ಹೊಯ್ದಳು. ಎಲೆಗೆ ತಾಗದಂತೆ ಅವಳು ಸೆರಗು ಹಿಂದಕ್ಕೆ ಸಿಕ್ಕಿಸಿಕೊಂಡದ್ದು ನನಗೆ ಕಂಡಿತು. ಅವಳೂ ಅವ್ವನಷ್ಟೇ ನಂಬಿದ್ದಳು, ಪಾಪ. ನಾಳೆ ಗಿಡ ಬಾಡಿ ತನ್ನ ಗುಟ್ಟು ಬಯಲಾಗುತ್ತದೆಂದು ಹೆದರಿದ್ದಳು.

ಅದಕ್ಕೇ ಅವಳು ಆ ಗಿಡಗಳ ಹಿಂದೆ ಬಿದ್ದಳು. ಆಡಿನ ಹಿಕ್ಕೆ ಪುಡಿಮಾಡಿ ಹಾಕಿದಳು, ಹುಳಿ ಮಜ್ಜಿಗೆ ಹೊಯ್ದಳು, ಹುಳ ಹತ್ತಿದ ಎಲೆಯನ್ನು ಒಂದೊಂದಾಗಿ ಕಿತ್ತಳು, ಬಿಸಿಲು ಚುರುಗುಟ್ಟುವ ಹೊತ್ತಿಗೆ ಮತ್ತೆ ನಾಲ್ಕು ಕೊಡ ಸೇದಿದಳು. ಭಾರ ಎತ್ತಬೇಡ ಎಂದು ಅವ್ವ ಗದರಿದರೆ, "ಏನೂ ಆಗೂದಿಲ್ರಿ ಅತ್ತಿ, ಇದರಾಗ ಮನಸ್ಸು ಹಗುರ ಅನಸತೈತಿ" ಎನ್ನುತ್ತಿದ್ದಳು. ರಕ್ತ ಹರಿಯುವುದು ನಿಂತಿರಲಿಲ್ಲ. ವಾರ ಕಳೆಯಿತು, ಎರಡು ವಾರ ಕಳೆಯಿತು. ಮಲ್ಲಿಗೆ ಆ ವರ್ಷ ಬಿಟ್ಟಂತೆ ಹಿಂದೆಂದೂ ಬಿಟ್ಟಿರಲಿಲ್ಲ. ಓಣಿಗೆಲ್ಲ ಹಂಚಿ ಉಳಿದದ್ದನ್ನು ಅವ್ವ ಮಠಕ್ಕೆ ಕಳಿಸುತ್ತಿದ್ದಳು.

ಪಕ್ಕದ ಮನೆಯ ರಾಜಬಿಗೆ ಆಡುಗಳಿದ್ದವು, ಹಿಕ್ಕೆಯ ಬುಟ್ಟಿ ಅವಳೇ ತಂದುಕೊಡುತ್ತಿದ್ದಳು. ಊರಲ್ಲಿ ಎಷ್ಟೋ ಬಾಣಂತನ ಮಾಡಿದ ಕೈ ಅವಳದು. ಒಂದು ಸಂಜೆ ಅವ್ವ, ರಾಜಬಿ, ನಾನು ಮೂವರೂ ಹಿತ್ತಲಿನಲ್ಲಿ ಹೂ ಕಟ್ಟುತ್ತ ಕುಳಿತಾಗ ಲಕ್ಕವ್ವ ಕೊಡ ಇಳಿಸಿ ಗೋಡೆ ಹಿಡಿದುಕೊಂಡು ಒಳಗೆ ಹೋದಳು. ರಾಜಬಿ ಅವಳನ್ನೇ ನೋಡುತ್ತಿದ್ದಳು.

"ಹುಚ್ಚವ್ವಾ, ನಿನ್ನ ಸೊಸಿ ಮಾರಿ ಸುಣ್ಣ ಆಗೇತಿ. ಮೈಯಾಗ ಜ್ವರಾನೂ ಐತಿ. ವಿಜಾಪುರಕ್ಕ ಕರಕೊಂಡು ಹೋಗಿ ಡಾಕ್ಟರಿಗೆ ತೋರಸು."

"ಬಸರಿ ಮಾರಿ ಬಿಳಚೂದ ಹೊಸಾದೇನು?" ಎಂದಳು ಅವ್ವ. "ಏನರೆ ಆಗಿದ್ರ ಈ ಗಿಡ ಸುಮ್ಮ ಇರತಿದ್ವೇನ ರಾಜಬಿ? ದಿನಾ ಆಕಿನ ಕೈಲೇನ ನೀರ ಕುಡ್ಯಾಕತ್ತಾವ. ನೋಡು, ಒಂದ ಮೊಗ್ಗಿ ಉದುರಿಲ್ಲ."

ರಾಜಬಿ ನನ್ನ ಕಡೆ ತಿರುಗಿ, "ನೀ ಏನಂತೀ ಗುರುಬಸವ್ವಾ?" ಎಂದು ಕೇಳಿದಳು.

ಅವಳಿಗೆ ಅನುಮಾನ ಬಂದಿತ್ತು. ನಾನು ಒಂದು ಮಾತು ಆಡಿದ್ದರೆ ಸಾಕಿತ್ತು. ಲಕ್ಕವ್ವನಿಗೆ ಕೊಟ್ಟ ಮಾತು ಎಂದುಕೊಂಡೆ, ಎರಡು ದಿನ ನೋಡೋಣ ಎಂದುಕೊಂಡೆ. ನಿಜ ಹೇಳಬೇಕೆಂದರೆ ಇಷ್ಟು ದಿನ ಮುಚ್ಚಿಟ್ಟದ್ದಕ್ಕೆ ಅವ್ವ ನನ್ನನ್ನೂ ಹೊರಗೆ ಹಾಕುತ್ತಾಳೆಂದು ಹೆದರಿದೆ.

"ಬಿಸಿಲಿಗೆ ಹಂಗ ಆಗಿರಬೇಕ ಬಿಡವಾ," ಎಂದು ಹೂವಿನ ಗಂಟು ಬಿಗಿದೆ.

ಮೂರನೆಯ ದಿನ ಮುಂಜಾನೆ ಲಕ್ಕವ್ವ ಮಲ್ಲಿಗೆಯ ಮಡಿಯಲ್ಲೇ ಬಿದ್ದಳು. ಎತ್ತಿದಾಗ ಸೀರೆಯ ಹಿಂದೆಲ್ಲ ತೊಯ್ದಿತ್ತು, ಮೈ ಕಾದ ಹಂಚಿನಂತೆ ಸುಡುತ್ತಿತ್ತು. ಪೆಟ್ರೋಲು ಸಿಗದೆ ಇದ್ದಿಲು ಉರಿಸಿ ವಿಜಾಪುರಕ್ಕೆ ಓಡಿಸುತ್ತಿದ್ದ ಸರ್ವಿಸ್ ಮೋಟಾರು ಅವತ್ತು ಹೊಗೆ ಉಗುಳಿದ್ದಷ್ಟೇ, ಚಾಲೂ ಆಗಲಿಲ್ಲ. ತಮ್ಮ ಚಕ್ಕಡಿ ಹೂಡಿದ. ಅವಳ ತಲೆ ನನ್ನ ತೊಡೆಯ ಮೇಲಿತ್ತು. ದಾರಿಯಲ್ಲಿ ಒಮ್ಮೆ ಕಣ್ಣು ಬಿಟ್ಟು, "ಅತ್ತಿ ನೋಡಿದ್ರೇನ್ರಿ?" ಎಂದು ಕೇಳಿದಳು. ಇಲ್ಲ ಎಂದೆ. ದೂರದಲ್ಲಿ ಗೋಳಗುಮ್ಮಟ ಕಾಣಿಸತೊಡಗಿದಾಗ ತಮ್ಮ ಎತ್ತುಗಳನ್ನು ಇನ್ನಷ್ಟು ಹೊಡೆದ. ಊರು ಮುಟ್ಟುವುದಕ್ಕೆ ಇನ್ನೂ ಒಂದು ಹರದಾರಿ ಇರುವಾಗ ಚಕ್ಕಡಿ ತಿರುಗಿಸು ಎಂದು ನಾನೇ ಅವನಿಗೆ ಹೇಳಿದೆ.

ಮಣ್ಣು ಮಾಡಿ ಬಂದ ಮೂರನೆಯ ದಿನ ಅವ್ವ ನನ್ನನ್ನು ಹಿತ್ತಲಿಗೆ ಕರೆದಳು. ಬಿಡಿಸುವವರಿಲ್ಲದೆ ಹೂವೆಲ್ಲ ಗಿಡದಲ್ಲೇ ಅರಳಿ ನಿಂತಿತ್ತು. ಅವ್ವನ ಕಣ್ಣು ಬಾತಿದ್ದವು. ಸೊಸೆಗಾಗಿ ಅವಳು ನಿಜವಾಗಿಯೇ ಅತ್ತಿದ್ದಳು, ಅದರಲ್ಲಿ ಸುಳ್ಳಿರಲಿಲ್ಲ.

"ಎಷ್ಟ ದಿನದಿಂದ?" ಎಂದಳು.

"ಇಪ್ಪತ್ತು ದಿನ ಮ್ಯಾಲಾಗಿತ್ತು."

"ಇಪ್ಪತ್ತು ದಿನ ಇವನ್ನ ಮುಟ್ಟ್ಯಾಳ." ಅವ್ವ ಒಂದು ಬುಡದ ಮುಂದೆ ಕುಳಿತು ಎಲೆ ತಿರುವಿ ತಿರುವಿ ನೋಡಿದಳು. "ಒಂದ ಎಲಿನೂ ಬಾಡಿಲ್ಲಲ್ಲ."

ಇನ್ನೊಂದು ಬುಡಕ್ಕೆ ಸರಿದು ಅದರ ಎಲೆಯನ್ನೂ ನೋಡಿದಳು. ಆಮೇಲೆ ಸಿಟ್ಟಿನಿಂದ ನನ್ನ ಕಡೆ ತಿರುಗಿದಳು.

"ನನಗ್ಯಾಕ ಹೇಳಲಿಲ್ಲ? ನಾ ಏನ ಆಕೀನ ತಿಂತಿದ್ನೇನ?"

ನನಗೂ ಸಿಟ್ಟು ಬಂತು. ಹುಟ್ಟಿದಾಗಿನಿಂದ ಅವಳಿಗೆ ಎದುರು ಮಾತಾಡದವಳು ಅವತ್ತು ಕೇಳಿಬಿಟ್ಟೆ.

"ಹೇಳಿದ್ರ ಏನ ಮಾಡತಿದ್ದಿ ಯವ್ವಾ?"

"ಅವತ್ತ ಚಕ್ಕಡಿ ಹೂಡಸ್ತಿದ್ದೆ."

"ಎಲ್ಲಿಗಿ?"

ವಿಜಾಪುರಕ್ಕೆ ಎಂದು ಅವ್ವ ಹೇಳಬಹುದಾಗಿತ್ತು, ಹೇಗೂ ಕೇಳುವವಳು ನಾನೊಬ್ಬಳೇ ಇದ್ದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ನನ್ನನ್ನು ನೋಡದೆ, "ಕಳ್ಳಕವಟಗಿಗೆ" ಎಂದಳು.