ರಾಹೇಲವ್ವನ ಕೆಂಪು ಕೌದಿ

ತಡಸದ ಚರ್ಚಿನಲ್ಲಿ ಹೆಂಗಸರು ಅವರವರ ಮನೆಯ ಕೌದಿ ತಂದು, ನೆಲಕ್ಕೆ ಹಾಸಿ ಕೂರುತ್ತಿದ್ದರು. ಹೊಸಬರು ಬಂದರೆ ಯಾರಾದರೂ ಸರಿದು ಜಾಗ ಕೊಡಬೇಕು. ಕೊಡುತ್ತಿದ್ದವಳು ರಾಹೇಲವ್ವ ಒಬ್ಬಳೇ. ಅದು ಅವಳ ಕೆಲಸವೆಂದು ಉಳಿದವರು ಹಾಯಾಗಿದ್ದರು.

ಯುದ್ಧದ ಕಾಲ, ದೀಪಕ್ಕೆ ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಆ ಸಂಜೆ ಮೊದಲ ಸಲ ಪ್ರಾರ್ಥನೆಗೆ ಬಂದ ಕರೆವ್ವ ಬಾಗಿಲಲ್ಲೇ ನಿಂತಳು. ಒಬ್ಬರೂ ಕತ್ತೆತ್ತಲಿಲ್ಲ. ತಿರುಗಿ ಹೋಗಬೇಕು ಎನ್ನುವಷ್ಟರಲ್ಲಿ ಮೂಲೆಯ ಮಬ್ಬಿನಿಂದ ದನಿ ಬಂತು: "ಬಾ ಯವ್ವಾ, ಇಲ್ಲೆ ಕುಂದ್ರು ಬಾ."

ಮುದುಕಿಯೊಬ್ಬಳು ಸರಿದು, ಕೆಂಪು ಕೌದಿಯ ಮೇಲೆ ಜಾಗ ಕೊಟ್ಟಳು. ಕೌದಿ ಯಾಕೋ ತಣ್ಣಗೆ, ಹಸಿಹಸಿಯಾಗಿತ್ತು. ಆದರೂ ಕರೆವ್ವನ ಜೀವ ಹಗುರಾಯಿತು.

ಪ್ರಾರ್ಥನೆ ಮುಗಿದು ಕಣ್ಣು ತೆರೆದರೆ ಪಕ್ಕದಲ್ಲಿ ಯಾರೂ ಇರಲಿಲ್ಲ.

ಅಂಗಳದಲ್ಲಿ ಹಿರಿಯಳಾದ ಮಾರ್ಥವ್ವ ಕೇಳಿದಳು, "ಬರೇ ನೆಲದ ಮ್ಯಾಲೆ ಕುಂತಿದ್ದೆಲ್ಲ ತಂಗಿ, ಥಂಡಿ ಹತ್ತಲಿಲ್ಲೇನ?"

"ನೆಲದ ಮ್ಯಾಲೆ ಎಲ್ರಿ? ಆ ಆಯಿ ಕೆಂಪು ಕೌದಿ ಮ್ಯಾಲೆ ಕುಂದ್ರಿಸಿಕೊಂಡ್ರಲ್ಲ!"

ಮಾರ್ಥವ್ವನ ಮುಖ ಬಿಳಿಚಿಕೊಂಡಿತು. "ರಾಹೇಲವ್ವನ್ನ ಹೋದ ಸುಗ್ಗ್ಯಾಗ ಅದ ಕೌದ್ಯಾಗ ಸುತ್ತಿ ಮಣ್ಣ ಮಾಡೇವಿ," ಎಂದಳು.

ಕರೆವ್ವ ಸೀರೆ ಕೊಡವಿಕೊಂಡಳು. ಕೈಗೆ ಹಸಿಮಣ್ಣು ಮೆತ್ತಿತು.

ಮುಂದಿನ ಐತವಾರ ಬಾಗಿಲಲ್ಲಿ ಇನ್ನೊಬ್ಬ ಹೊಸಬಳು ನಿಂತಾಗ, ಹೆಂಗಸರೆಲ್ಲ ದಡಬಡಿಸಿ ಸರಿದು "ಬರ್ರಿ, ಇಲ್ಲೆ ಬರ್ರಿ" ಎಂದು ಒಟ್ಟಿಗೇ ಕೂಗಿದರು. ತಾವು ಸರಿಯದಿದ್ದರೆ ಯಾರು ಸರಿಯುತ್ತಾರೆ ಎಂಬುದು ಈಗ ಎಲ್ಲರಿಗೂ ಗೊತ್ತಿತ್ತು.