ತೋರುಬೆರಳಿಗೆ ಹರಿದ ಮಿಂಚು

ಬೀಗ ರಿಪೇರಿಯವನ ಬಲಗೈ ಮುರಿದರೆ ಬೀದಿಗೆಲ್ಲ ಚಿಂತೆ. ಕೀಲಿ ಕಳೆದುಕೊಂಡವರು, ಬಾಗಿಲು ಹಾಕಿಕೊಂಡು ಹೊರಗೇ ಉಳಿದವರು, ಎಲ್ಲರೂ ಓಡಿ ಬರುತ್ತಿದ್ದದ್ದು ಬೀಗದಪ್ಪನ ಬಳಿಗೆ. ಅವನಿಗೆ ಹೆತ್ತವರಿಟ್ಟ ಹೆಸರು ಬೇರೆ ಇತ್ತು, ಅದನ್ನು ಹೆಂಡತಿಯೂ ಮರೆತಂತಿದ್ದಳು. ಬೀಗದ ಬಾಯಿಗೆ ತೆಳ್ಳಗಿನ ಕಡ್ಡಿ ತೂರಿಸಿ, ಕಣ್ಣು ಮುಚ್ಚಿ, ಒಳಗಿನ ಪಿನ್ನುಗಳನ್ನು ತೋರುಬೆರಳ ತುದಿಯಲ್ಲೇ ಒಂದೊಂದಾಗಿ ಎಣಿಸುತ್ತಿದ್ದ. ಆಗ ಅಂಗಡಿಯಲ್ಲಿ ಯಾರೂ ಕೆಮ್ಮುವ ಹಾಗೂ ಇರಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಹೊರಗೆ ಸಿಕ್ಕಿಬಿದ್ದ ಹೆಂಗಸೊಬ್ಬಳು "ಬೇಗ, ಬೇಗ" ಎಂದದ್ದಕ್ಕೆ, ಕಡ್ಡಿ ಕೆಳಗಿಟ್ಟು ಕೈಕಟ್ಟಿ ಕೂತುಬಿಟ್ಟಿದ್ದನಂತೆ. ಕಡ್ಡಿ ಒಳಗಿರುವಾಗ ಮಾತಾಡಿದರೆ ಕೈ ತಪ್ಪುತ್ತದೆ ಅನ್ನುವುದು ಅವನ ಕಟ್ಟಳೆ.

ಅಂಥವನು ಒಂದು ಅಂಗಡಿಯ ಷಟರ್ ನೋಡಲು ಸ್ಟೂಲು ಹತ್ತಿ, ಸ್ಟೂಲಿನ ಸಮೇತ ನೆಲಕ್ಕೆ ಬಂದ. ಮಣಿಕಟ್ಟಿನ ಹತ್ತಿರ ಮೂಳೆ ಎರಡು ತುಂಡಾಗಿತ್ತು. ಆಪರೇಷನ್ ಮಾಡಿ ಪ್ಲೇಟು ಹಾಕಬೇಕು ಎಂದರು.

ಅರಿವಳಿಕೆ ಕೊಡುವ ಡಾಕ್ಟರು ನಲವತ್ತರ ಆಸುಪಾಸಿನ ಹೆಂಗಸು, ಮಾತಿನಲ್ಲಿ ನಿಧಾನ. ಮೈಯೆಲ್ಲ ಮಲಗಿಸುವುದು ಬೇಡ, ಕೊರಳೆಲುಬಿನ ಮೇಲೆ ಒಂದು ಸೂಜಿ ಹಾಕಿ ಕೈಯನ್ನಷ್ಟೇ ಮಲಗಿಸುತ್ತೇನೆ ಎಂದರು. ಬೀಗದಪ್ಪ ನೋವು ಮರೆತು ತಲೆಯೆತ್ತಿದ.

"ಅಲ್ಲಿ ಎಷ್ಟು ನರ ಇವೆ, ಡಾಕ್ಟ್ರೇ?"

"ಬುಡದಲ್ಲಿ ಐದು. ಆಮೇಲೆ ಕೂಡ್ಕೊಂಡು, ಕವಲೊಡೆದು ಬೆರಳಿಗೆ ಹೋಗ್ತವೆ."

"ಐದು ಪಿನ್ನಿನ ಬೀಗ ಅನ್ನಿ!"

ಡಾಕ್ಟರು ನಕ್ಕರು. "ಹಾಗೇ ಅಂದ್ಕೊಳ್ಳಿ ಯಜಮಾನ್ರೇ. ಆದ್ರೆ ನಾನು ನರ ಮುಟ್ಟೋ ಹಾಗಿಲ್ಲ, ಪಕ್ಕದಲ್ಲಿ ಔಷಧಿ ಬಿಡ್ಬೇಕು. ಬೆರಳಿಗೆ ಕರೆಂಟ್ ಹೊಡೆದ ಹಾಗಾದ್ರೆ ತಕ್ಷಣ ಹೇಳಿ, ಸೂಜಿ ಹಿಂದಕ್ಕೆ ತಗೋತೀನಿ."

"ಆಗ್ಲಿ ಡಾಕ್ಟ್ರೇ" ಎಂದ. ಮನಸಾರೆ ಎಂದ, ಅದರಲ್ಲಿ ಮೋಸವಿಲ್ಲ.

ಸೂಜಿ ಒಳಗೆ ಹೋಯಿತು. ಡಾಕ್ಟರ ಕಣ್ಣು ಸ್ಕ್ಯಾನಿನ ಪರದೆಯ ಮೇಲೆ, ಬೆರಳುಗಳು ಕೂದಲೆಳೆಯಷ್ಟೇ ಅಲುಗುತ್ತಿದ್ದವು. ಅವರು ಉಸಿರು ಹಿಡಿದಿದ್ದರು. ಅದನ್ನು ಕಂಡು ಬೀಗದಪ್ಪನಿಗೆ ಎಂಥ ಖುಷಿಯಾಯಿತೆಂದರೆ, ಎಲ್ಲಿದ್ದೇನೆ ಅನ್ನುವುದೇ ಮರೆಯಿತು. ಇದು ತನ್ನದೇ ಕಸುಬು, ಈಕೆ ತನ್ನದೇ ಜಾತಿಯ ಕೆಲಸಗಾರ್ತಿ! ಅಷ್ಟರಲ್ಲಿ ಭುಜದಿಂದ ತೋರುಬೆರಳ ತುದಿಗೆ ಸರ್ರನೆ ಮಿಂಚು ಹರಿಯಿತು. ಬಾಯಿ ತೆರೆಯಿತು. ಆದರೆ ಕಡ್ಡಿ ಒಳಗಿತ್ತು. ನಲವತ್ತು ವರ್ಷದ ಅಭ್ಯಾಸ ಅವನ ತುಟಿಗಳನ್ನು ಮತ್ತೆ ಕೂಡಿಸಿತು.

"ಏನಾದ್ರೂ ಆಯ್ತಾ?" ಎಂದು ಡಾಕ್ಟರು ಪರದೆಯಿಂದ ಕಣ್ಣು ತೆಗೆಯದೆ ಕೇಳಿದರು. ಅವರ ಕೈ ತಪ್ಪಬಾರದೆಂದು ಇವನು ಇಲ್ಲವೆಂಬಂತೆ ಮೆಲ್ಲಗೆ ತಲೆಯಾಡಿಸಿದ. ಔಷಧಿ ಇಳಿಯುವಾಗ ಇನ್ನೊಂದು ಮಿಂಚು. ಅದನ್ನೂ ನುಂಗಿಕೊಂಡ.

ಆಮೇಲೆ ನಡೆದದ್ದರಲ್ಲಿ ಈ ವಿಷಯ ಅವನ ತಲೆಯಿಂದಲೇ ಹಾರಿಹೋಯಿತು. ಕೈ ಮೊದಲು ಬೆಚ್ಚಗಾಯಿತು, ಭಾರವಾಯಿತು, ಕೊನೆಗೆ ಇಲ್ಲವಾಯಿತು. ತಮಾಷೆಯೆಂದರೆ, ಕೈ ಗಾಳಿಯಲ್ಲಿ ಎತ್ತಿ ಹಿಡಿದಂತೆ ಅನ್ನಿಸುತ್ತಿತ್ತು. ಎಡಗೈಯಿಂದ ಅಲ್ಲಿ ತಡಕಿದರೆ ಬರೀ ಗಾಳಿ! ಕೈ ಪಕ್ಕದ ಹಲಗೆಯ ಮೇಲೆ ಯಾರದೋ ಸಾಮಾನಿನಂತೆ ಬಿದ್ದಿತ್ತು. ಆಪರೇಷನ್ ಮುಗಿಯುವವರೆಗೂ ಅವನು ಈ ಎರಡು ಕೈಗಳ ಲೆಕ್ಕ ಹಾಕುತ್ತಲೇ ಇದ್ದ.

ವಾರ್ಡಿಗೆ ಬಂದಾಗ ಹೆಂಡತಿಯ ಜೀವ ಬಾಯಿಗೆ ಬಂತು. ಬಲಗಣ್ಣಿನ ರೆಪ್ಪೆ ಅರ್ಧ ಇಳಿದಿತ್ತು, ಮಾತು ಕರಕರ ಎನ್ನುತ್ತಿತ್ತು.

"ಕೈ ಸರಿ ಮಾಡಿ ಅಂದ್ರೆ ಕಣ್ಣು ಕೆಡಿಸಿದ್ದಾರಲ್ರೀ!"

ಔಷಧಿ ಪಕ್ಕದ ನರಗಳಿಗೂ ಹರಡಿದೆ, ಕೆಲವರಿಗೆ ಹೀಗಾಗುತ್ತದೆ, ಸಂಜೆಯೊಳಗೆ ಸರಿಹೋಗುತ್ತದೆ ಎಂದು ಡಾಕ್ಟರು ಸಮಾಧಾನ ಮಾಡಿದರು. ಬೀಗದಪ್ಪ ಮಾತ್ರ ಕನ್ನಡಿ ತರಿಸಿ, "ಕೈಗೆ ಹಾಕಿದ ಕೀಲಿಗೆ ಕಣ್ಣಿನ ಬಾಗ್ಲೂ ಮುಚ್ತು ನೋಡೇ" ಎಂದು ಬೆರಗಾದ. ಸಂಜೆಗೆ ಕಣ್ಣೂ ಸರಿಯಾಯಿತು, ದನಿಯೂ ಬಂತು.

ಮರುದಿನ ಬೆಳಿಗ್ಗೆ ಬೆರಳುಗಳು ಒಂದೊಂದಾಗಿ ಎಚ್ಚರಗೊಂಡವು. ಕಿರುಬೆರಳು, ಉಂಗುರಬೆರಳು, ನಡುಬೆರಳು, ಹೆಬ್ಬೆರಳು. ತೋರುಬೆರಳ ತುದಿ ಮಾತ್ರ ಏಳಲಿಲ್ಲ. ಆ ದಿನವೂ ಇಲ್ಲ, ಆ ವಾರವೂ ಇಲ್ಲ. ಮೂರನೆಯ ವಾರ, ಕಡ್ಡಿಯನ್ನು ಬೀಗದೊಳಗೆ ಇಟ್ಟು, ಪಟ್ಟಿಯೊಳಗಿಂದ ಇಣುಕುತ್ತಿದ್ದ ಆ ಬೆರಳನ್ನು ತಾಗಿಸಿ ನೋಡಿದ. ಒಳಗೆ ಪಿನ್ನುಗಳೇ ಇಲ್ಲವೇನೋ ಅನ್ನುವಷ್ಟು ಮೌನ. ಆಗ ಅವನಿಗೆ ನಿಜವಾಗಿ ಹೆದರಿಕೆಯಾಯಿತು. ಈ ಬೆರಳು ಹೋದರೆ ತಾನು ಬರೀ ಕೀಲಿ ಮಾರುವವನು.

ಹೆಂಡತಿಯ ಜೊತೆ ಆಸ್ಪತ್ರೆಗೆ ಹೋದ. ಬೆರಳು ಎದ್ದಿಲ್ಲವೆಂದು ಮೊದಲ ವಾರವೇ ತಿಳಿದಿದ್ದ ಅರಿವಳಿಕೆ ಡಾಕ್ಟರು ಅವನ ಕಣ್ಣು ಮುಚ್ಚಿಸಿ, ಹತ್ತಿಯಿಂದ ಸವರಿ, ಪಿನ್ನಿನಿಂದ ಚುಚ್ಚಿ ನೋಡಿದರು. ಅವರ ಮುಖ ಸಣ್ಣಗಾಯಿತು.

"ನನ್ನ ಸೂಜಿನೇ ತಾಗಿರ್ಬೇಕು. ಎಲ್ಲಿ ತಪ್ಪಿದೆ ಅಂತ ಆ ಸ್ಕ್ಯಾನ್ ಚಿತ್ರ ಎಷ್ಟು ಸಲ ನೋಡಿದ್ನೋ. ಗೊತ್ತಾಗಲಿಲ್ಲ. ಗೊತ್ತಾಗೋವರೆಗೂ ಈ ಸೂಜಿ ಹಾಕಲ್ಲ ಅಂತ ಬಿಟ್ಟಿದ್ದೀನಿ."

"ಬಿಟ್ರೆ ನಮ್ಮ ಬೆರಳು ಬರುತ್ತಾ?" ಎಂದು ಹೆಂಡತಿ ಸಿಡುಕಿದಳು.

ಬೀಗದಪ್ಪ ಡಾಕ್ಟರ ಕೈ ನೋಡಿದ. ಅಷ್ಟು ಒಳ್ಳೆಯ ಕೈ ಸುಮ್ಮನೆ ಮಡಿಲಲ್ಲಿ ಬಿದ್ದಿತ್ತು. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

"ಮಿಂಚು ಬಂದಿತ್ತು ಡಾಕ್ಟ್ರೇ. ಎರಡು ಸಲ."

"ಏನು?"

"ನೀವು ಉಸಿರು ಹಿಡಿದು ಕೆಲಸ ಮಾಡ್ತಿದ್ರಿ. ಮಾತಾಡಿದ್ರೆ ಕೈ ತಪ್ಪೀತು ಅಂತ ಸುಮ್ನಿದ್ದೆ."

ಹೆಂಡತಿ ತಲೆ ಮೇಲೆ ಕೈ ಹೊತ್ತಳು. "ಅಯ್ಯೋ, ಇವರ ಕಟ್ಟಳೆಗಿಷ್ಟು! ಮನೇಲಿ ಬಾಯಿ ಮುಚ್ಚಿ ಅಂದ್ರೆ ಮುಚ್ಚಲ್ಲ, ಅಲ್ಲಿ ಹೋಗಿ ಮುಚ್ಕೊಂಡಿದ್ದಾರೆ!"

ಡಾಕ್ಟರಿಗೆ ಸಿಟ್ಟು ಬಂತು. ಕಣ್ಣಲ್ಲಿ ನೀರೂ ಬಂತು. "ತಲೆಯಾಡಿಸಿದ್ರಲ್ರೀ! ನಾನು ಅದನ್ನೇ ನಂಬಿದೆ" ಎಂದರು. ಕಣ್ಣೊರೆಸಿಕೊಂಡು, "ನಂಬಬಾರದಿತ್ತು, ಅದು ನನ್ನ ತಪ್ಪು" ಎಂದರು. ನರ ತುಂಡಾಗಿಲ್ಲ, ಪೆಟ್ಟಾಗಿದೆ ಅಷ್ಟೆ. ಬಹಳ ಜನಕ್ಕೆ ವಾರಗಳಲ್ಲೋ ತಿಂಗಳುಗಳಲ್ಲೋ ವಾಪಸು ಬರುತ್ತದೆ, ಆದರೆ ಖಂಡಿತ ಬಂದೇ ಬರುತ್ತದೆ ಎಂದು ಮಾತು ಕೊಡಲಾರೆ ಎಂದರು. "ಜುಮ್ ಅಂದ್ರೆ ಫೋನ್ ಮಾಡಿ. ಈ ಸಲ ಬಾಯಿಬಿಟ್ಟು ಹೇಳಿ."

ಹತ್ತನೆಯ ವಾರದ ಒಂದು ಮಧ್ಯಾಹ್ನ. ಪಟ್ಟಿ ಬಿಚ್ಚಿಯಾಗಿತ್ತು. ನಿವೃತ್ತ ಮೇಷ್ಟ್ರೊಬ್ಬರು ಕೀಲಿ ಕಳೆದ ಪೆಟ್ಟಿಗೆ ತಂದು, ಕಟ್ಟಳೆಯಂತೆ ಉಸಿರು ಬಿಗಿಹಿಡಿದು ನಿಂತಿದ್ದರು. ಬೀಗದಪ್ಪ ನಡುಬೆರಳಿನಿಂದ ಹೇಗೋ ಎರಡು ಪಿನ್ನು ಎತ್ತಿದ್ದ. ಮೂರನೆಯದಕ್ಕೆ ಹೋಗುವಾಗ ತೋರುಬೆರಳು ಕಡ್ಡಿಗೆ ತಾಗಿತು. ಜುಮ್!

"ಬಂತು! ಬಂತೂ!" ಎಂದು ಅರಚಿದ. ಕಡ್ಡಿ ಜಾರಿತು, ಎತ್ತಿದ ಪಿನ್ನುಗಳೂ ಪಟಪಟನೆ ಕೆಳಗೆ ಬಿದ್ದವು.

"ಕೈ ತಪ್ತಲ್ಲಪ್ಪಾ!" ಎಂದರು ಮೇಷ್ಟ್ರು.

"ತಪ್ಪಲಿ ಬಿಡಿ ಮೇಷ್ಟ್ರೇ!" ಎಂದು ಆಸ್ಪತ್ರೆಗೆ ಫೋನು ಹಚ್ಚಿದ. ನರ್ಸ್ ಎತ್ತಿಕೊಂಡಳು. "ಡಾಕ್ಟ್ರು ಸೂಜಿ ಹಾಕ್ತಿದ್ದಾರೆ, ಇರಿ" ಎಂದು ಪಿಸುಗುಟ್ಟಿ ಫೋನನ್ನು ಮೇಜಿನ ಮೇಲಿಟ್ಟಳು. ದೂರದಿಂದ ಪರಿಚಿತ ದನಿ ಕೇಳಿಸಿತು.

"ಬೆರಳಿಗೆ ಏನಾದ್ರೂ ಆಯ್ತಾಮ್ಮಾ? ತಲೆಯಾಡಿಸ್ಬೇಡಿ. ಬಾಯಿಬಿಟ್ಟು ಹೇಳಿ. ನನ್ನ ಕೈ ತಪ್ಪಲ್ಲ."

ಬೀಗದಪ್ಪ ಫೋನನ್ನು ಕಿವಿಗೊತ್ತಿಕೊಂಡು, ಮೇಷ್ಟ್ರಿಗೆ ಸುಮ್ಮನಿರಿ ಎಂದು ಸನ್ನೆ ಮಾಡಿ, ಆ ಸೂಜಿ ಹೊರಗೆ ಬರುವವರೆಗೂ ತುಟಿ ಪಿಟಕ್ಕೆನ್ನದೆ ನಿಂತ. ಆಮೇಲೆ ಬೀದಿಗೆಲ್ಲ ಕೇಳುವ ಹಾಗೆ ಹೇಳಿದ.